ಆರಡಿ ಸವತಿ

ನನ್ನ ಗಂಡ ಸತ್ತಾಗ ಪೇಪರಿನಲ್ಲಿ ನಾಲ್ಕು ಸಾಲು ಬಂತು. ಮೂರು ಸಾಲು ಅವರು ಯಾರಿಗೆ ದುಡಿದರೋ ಆ ಆಟಗಾರನ ಬಗ್ಗೆ. ಉಳಿದ ಒಂದರಲ್ಲಿ ಹಳೆಯ ಪೊಲೀಸ್ ಕೇಸು. ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ತನಕ ಓದಿದವಳು. ಅಕ್ಷರ ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ಅವರದು ಚೀಲ ಹೊರುವ ಕೆಲಸ. ಗಾಲ್ಫ್ ಆಡುವವರ ಕೋಲುಗಳ ಚೀಲ. ಕ್ಯಾಡಿ ಅನ್ನುತ್ತಾರೆ. ಮೊದಲು ಯಾರು ಕರೆದರೆ ಅವರ ಚೀಲ ಹೊರುತ್ತಿದ್ದರು. ಆಮೇಲೆ ಒಬ್ಬ ಆಟಗಾರ ಇವರನ್ನು ಹಿಡಿದುಕೊಂಡ. ಆಟವೇ ಅವನ ಕಸುಬು, ದೊಡ್ಡ ದೊಡ್ಡ ಪಂದ್ಯ ಆಡುವವನು. ಇಪ್ಪತ್ತೆರಡು ವರ್ಷ ಅವನೊಬ್ಬನದೇ ಚೀಲ ಹೊತ್ತರು.

ಅದು ಕತ್ತೆ ಕೆಲಸ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಅಲ್ಲ. ಚೆಂಡು ಬಿದ್ದ ಜಾಗದಿಂದ ಗುಂಡಿಗೆ ಎಷ್ಟು ದೂರ, ಗಾಳಿ ಯಾವ ಕಡೆ, ಯಾವ ಕೋಲು ಸರಿ, ಎಲ್ಲ ಇವರೇ ಹೇಳಬೇಕು. ದೂರವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರು. ಒಂದು ಹೆಜ್ಜೆಗೆ ಒಂದು ಗಜ. ಗಿಡ್ಡ ಆಳು, ಆ ಕಾಲಿಗೆ ಗಜದ ಹೆಜ್ಜೆ ದೊಡ್ಡದೇ. ಆದರೂ ಎಷ್ಟು ರೂಢಿಯಾಯಿತೆಂದರೆ ನನ್ನ ಜೊತೆ ಬಸ್ ಸ್ಟಾಪಿಗೆ ಬರುವಾಗಲೂ ಅದೇ ಹೆಜ್ಜೆ. ನಾನು ಹಿಂದೆ ಓಡಬೇಕು.

"ಸ್ವಲ್ಪ ನಿಧಾನ ನಡೀರಿ. ನಾನೇನು ಚೆಂಡಾ, ಮುಂದೆ ಹೋಗಿ ಬಿದ್ದಿರೋಕೆ?"

"ನಿಧಾನ ನಡೆದ್ರೆ ಹೆಜ್ಜೆ ಕೆಟ್ಟೋಗುತ್ತೆ ಕಣೇ."

"ಹೆಂಡ್ತಿ ಕಳೆದ್ಹೋದ್ರೆ ಪರವಾಗಿಲ್ವಾ?"

"ನಾನೂರ ಹನ್ನೆರಡು" ಎನ್ನುತ್ತಿದ್ದರು, ಬಸ್ ಸ್ಟಾಪಿನ ಕಂಬ ಮುಟ್ಟಿ. ಅದೇ ಉತ್ತರ.

ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹೋಟೆಲುಗಳ ಚಾದರ, ದಿಂಬಿನ ಚೀಲ. ಚಾದರ ಮಡಚಲು ಇಬ್ಬರು ಬೇಕು. ಲಾಂಡ್ರಿಯಲ್ಲಿ ಜೊತೆಗೆ ಒಬ್ಬಳಿದ್ದಾಳೆ. ಮನೆಯಲ್ಲಿ ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿಕೊಂಡು ನಾನೊಬ್ಬಳೇ ಮಡಚುತ್ತಿದ್ದೆ. ಆ ಹೊತ್ತಿನಲ್ಲಿ ಅವರು ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಆಟಗಾರನ ಕೋಲುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಒಂದೊಂದು ಗೆರೆಯ ಮಣ್ಣನ್ನೂ ಬಿಡಿಸಿ. ನನ್ನ ಬೆನ್ನನ್ನು ಯಾವತ್ತೂ ಅಷ್ಟು ಚೆನ್ನಾಗಿ ತಿಕ್ಕಿಲ್ಲ.

ಮಗಳ ಚಪ್ಪಲಿಯ ಅಳತೆ ಅವರಿಗೆ ಗೊತ್ತಿರಲಿಲ್ಲ. ಆಟಗಾರನ ಕೈಗವಸಿನ ಅಳತೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಅವನಿಗೆ ಯಾವಾಗ ಬಾಯಾರುತ್ತದೆ, ಯಾವ ಮಣಿಕಟ್ಟು ನೋಯುತ್ತದೆ, ಯಾವಾಗ ಮಾತಾಡಿಸಬಾರದು, ಎಲ್ಲ ಗೊತ್ತು. ನನಗೆ ಮೂರು ತಿಂಗಳು ಭುಜ ಎತ್ತಲಾಗದೆ ಇದ್ದದ್ದು ಅವರಿಗೆ ಗೊತ್ತಾದದ್ದು ಪಾತ್ರೆ ಇಳಿಸಲಾಗದೆ ಅನ್ನ ಸೀದ ದಿನ.

ಪಕ್ಕದ ಮನೆಯ ಟೈಲರಮ್ಮ ನಗಾಡುತ್ತಿದ್ದಳು.

"ಏನೇ, ನಿನ್ನ ಸವತಿ ಊರಲ್ಲಿದ್ದಾಳಾ? ನಿನ್ನ ಗಂಡ ಬೇಗ ಎದ್ದು ಹೋದ್ರಲ್ಲ."

"ಹೆಂಗಸಾಗಿದ್ರೆ ಜುಟ್ಟು ಹಿಡಿದು ಬೀದೀಲಿ ಎಳೀತಿದ್ದೆ. ಇವನು ಆರಡಿ ಇದ್ದಾನೆ. ಎಟುಕಲ್ಲ" ಎಂದೆ.

ಅವಳು ತಮಾಷೆಗೆ ಹೇಳಿದ್ದು. ನಾನು ತಮಾಷೆ ಮಾಡಿದ್ದಲ್ಲ.

ಗಾಲ್ಫಿನವರಲ್ಲಿ ಒಂದು ಪದ್ಧತಿ ಇದೆ. ಪಂದ್ಯ ಗೆದ್ದರೆ ಬಹುಮಾನ ಆಟಗಾರನಿಗೆ, ಕೊನೆಯ ಗುಂಡಿಯಲ್ಲಿ ನೆಟ್ಟ ಬಾವುಟ ಚೀಲ ಹೊತ್ತವನಿಗೆ. ನಮ್ಮ ಮನೆಯ ಗೋಡೆಯಲ್ಲಿ ಮೂರು ಬಾವುಟ ಇದ್ದವು. ನಮ್ಮ ಮದುವೆಯ ಫೋಟೋ ಅವುಗಳ ಕೆಳಗೆ ಬಾಗಿಲ ಪಕ್ಕಕ್ಕೆ ಹೋಗಿತ್ತು. ನಾಲ್ಕನೆಯ ಬಾವುಟಕ್ಕೆ ಅವರು ಪಂದ್ಯದ ಹಿಂದಿನ ದಿನವೇ ಮೊಳೆ ಹೊಡೆದರು. ಅಷ್ಟು ನಂಬಿಕೆ.

ಆ ಪಂದ್ಯದ ಸಮಯದಲ್ಲೇ ಮೈದಾನದಲ್ಲಿ ಕ್ಯಾಡಿಗಳ ಮೇಸ್ತ್ರಿ ಕೆಲಸ ಖಾಲಿಯಾಗಿತ್ತು. ನೆರಳಲ್ಲಿ ಕುರ್ಚಿ. ಯಾರು ಯಾರ ಚೀಲ ಹೊರಬೇಕು ಎಂದು ಹೇಳುವುದಷ್ಟೇ. ನಾನೇ ಬೆನ್ನು ಬಿದ್ದು ಅರ್ಜಿ ಫಾರಂ ತರಿಸಿದೆ. ಇದೊಂದು ಪಂದ್ಯ ಮುಗಿಯಲಿ, ತುಂಬಿ ಕೊಟ್ಟು ಚೀಲ ಇಳಿಸುತ್ತೇನೆ ಎಂದು ಒಪ್ಪಿಕೊಂಡರು. ಸಂಬಳದ ಆಸೆಗಲ್ಲ. ಸಂಜೆ ಆರಕ್ಕೆ ಮನೆಗೆ ಬರುವ ಗಂಡ ಬೇಕಿತ್ತು ನನಗೆ. ಚಾದರದ ಇನ್ನೊಂದು ತುದಿ ಹಿಡಿಯಲು.

ಪಂದ್ಯದ ಕೊನೆಯ ದಿನ ಬೆಳಿಗ್ಗೆ ನಡೆದದ್ದು ಇದು. ನಾನು ಕಂಡದ್ದಲ್ಲ. ಅಲ್ಲಿ ಕಾವಲು ನಿಂತಿದ್ದ ಪೊಲೀಸ್ ಪೇದೆಯೇ ಆಮೇಲೆ ಹೇಳಿದ್ದು.

ಮೈದಾನದ ಹೊರಗೆ ಜನವೋ ಜನ. ರಸ್ತೆಗೆ ಅಡ್ಡಗಟ್ಟೆ ಇಟ್ಟು ಕಾರು ಬಿಡಬೇಡ ಎಂದು ಪೇದೆಗೆ ಹೇಳಿದ್ದರು. ಹೊಸ ಹುಡುಗ, ಬೆಳಕು ಹರಿಯುವ ಮೊದಲಿನಿಂದ ನಿಂತಿದ್ದಾನೆ. ಆಟಗಾರನ ಕಾರು ಬಂತು, ಅದರಲ್ಲಿ ಇವರೂ ಇದ್ದರು. ಪಾಸು ಎಲ್ಲಿ ಅಂದ. ಪಾಸು ಇನ್ನೊಂದು ಕೋಟಿನಲ್ಲಿ ಉಳಿದಿತ್ತು. ಆಟ ಶುರುವಾಗಲು ಇಪ್ಪತ್ತು ನಿಮಿಷ. ತಡವಾದರೆ ಆಟದಿಂದಲೇ ಹೊರಗೆ.

"ನಾನ್ಯಾರು ಗೊತ್ತಾ?" ಎಂದನಂತೆ ಆಟಗಾರ.

"ಗೊತ್ತಿಲ್ಲ ಸರ್. ಅದಕ್ಕೇ ಪಾಸು ಕೇಳಿದ್ದು."

ಆಟಗಾರ ಇಳಿದು ಅಡ್ಡಗಟ್ಟೆಯನ್ನು ತಾನೇ ಸರಿಸಿದ. ಪೇದೆ ಕೈ ಹಿಡಿದ. ಆಟಗಾರ ತಳ್ಳಿದ. ಪೇದೆ ಅಡ್ಡಗಟ್ಟೆಯ ಕಾಲು ಎಡವಿ ಮುಖ ಅಡಿಯಾಗಿ ಬಿದ್ದ. ಮುಂದಿನ ಹಲ್ಲು ಮುರಿದು ಬಾಯೆಲ್ಲ ರಕ್ತ. ಸಬ್ ಇನ್ಸ್‌ಪೆಕ್ಟರ್ ಓಡಿ ಬಂದು ಯಾರು ತಳ್ಳಿದ್ದು ಎಂದು ಕೂಗಿದ. ಅಷ್ಟರಲ್ಲಿ ನನ್ನ ಗಂಡ ಡಿಕ್ಕಿಯಿಂದ ಚೀಲ ತೆಗೆದು ಹೆಗಲಿಗೆ ಹಾಕಿದ್ದರು.

"ನಾನು ಸರ್. ತಿರುಗುವಾಗ ಚೀಲ ತಗುಲಿತು."

ಸಬ್ ಇನ್ಸ್‌ಪೆಕ್ಟರಿಗೂ ಹಾಲು ಕುಡಿದಷ್ಟು ಸಂತೋಷ. ಆಟಗಾರನನ್ನು ಹಿಡಿದರೆ ಜನ ಮುತ್ತುತ್ತಾರೆ. ಚೀಲದವನನ್ನು ಹಿಡಿದರೆ ನೊಣವೂ ಮುತ್ತುವುದಿಲ್ಲ. ಚೀಲವನ್ನು ಮೈದಾನದ ಮಾಲಿಯೊಬ್ಬನ ಹೆಗಲಿಗೆ ಹಾಕಿದರು. ಆಟಗಾರ ಒಳಗೆ ಹೋದ. ನನ್ನ ಗಂಡ ಜೀಪು ಹತ್ತಿದರು.

ಲಾಂಡ್ರಿಗೆ ಫೋನ್ ಬಂತು. ಇಸ್ತ್ರಿ ಪೆಟ್ಟಿಗೆ ಹಾಗೇ ಬಿಟ್ಟು, ಒಂದು ಒಗೆದ ಅಂಗಿ, ಊಟದ ಡಬ್ಬಿ ಹಿಡಿದು ಸ್ಟೇಷನ್ನಿಗೆ ಓಡಿದೆ. ದಾರಿಯುದ್ದಕ್ಕೂ ಅಳು. ಹೊಡೆದಿರುತ್ತಾರೆ, ಕಂಬಿಯ ಹಿಂದೆ ಕೂರಿಸಿರುತ್ತಾರೆ ಎಂದುಕೊಂಡು ಒಳಗೆ ಹೋದರೆ, ಟಿವಿ ಹಾಕಿದ್ದರು. ನಾಲ್ಕು ಪೊಲೀಸರು ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಅವರ ಮಧ್ಯೆ ಬೆಂಚಿನ ಮೇಲೆ ನನ್ನ ಗಂಡ. ಪಕ್ಕದಲ್ಲಿ ತುಟಿ ಊದಿಸಿಕೊಂಡ ಪೇದೆ.

"ಆ ಸ್ಟಿಕ್ ಬೇಡ, ಆ ಸ್ಟಿಕ್ ಬೇಡ ಸರ್" ಎಂದು ಇವರು ಟಿವಿಗೆ ಕೈಮುಗಿಯುತ್ತಿದ್ದರು.

"ಯಾಕೆ ಬೇಡ?" ಸಬ್ ಇನ್ಸ್‌ಪೆಕ್ಟರ್ ಕೇಳಿದ.

"ಗಾಳಿ ಎದುರಿಗಿದೆ. ಚೆಂಡು ನೀರಿಗೆ ಬೀಳುತ್ತೆ."

"ರೀ" ಎಂದೆ. ಕೇಳಿಸಲಿಲ್ಲ. "ರೀ, ಊಟ ತಂದಿದ್ದೀನಿ."

"ಇರು, ಏಳನೇ ಹೋಲ್."

ಚೆಂಡು ನೀರಿಗೆ ಬೀಳಲಿಲ್ಲ. ಹಲ್ಲು ಮುರಿದ ಪೇದೆಯೂ ಚಪ್ಪಾಳೆ ತಟ್ಟಿದ. ಅವನೊಬ್ಬನೇ ನನಗೆ ಕೂರಲು ಜಾಗ ಬಿಟ್ಟವನು. ತೊದಲುತ್ತಾ ಬೆಳಗಿನದೆಲ್ಲ ಹೇಳಿದ.

"ತಳ್ಳಿದ್ದು ಇವರಲ್ಲ ಅಕ್ಕ. ಆ ಉದ್ದನೆಯವರು. ಇವರೇ ಒಪ್ಕೊಂಡ್ಮೇಲೆ ನಾನೇನ್ ಹೇಳ್ಲಿ?"

ಆಟಗಾರ ಒಂದೇ ಒಂದು ಹೊಡೆತದ ಅಂತರದಲ್ಲಿ ಗೆದ್ದ. ಟಿವಿಯಲ್ಲಿ ಬಾವುಟ ಬಿಚ್ಚಿ ಮಾಲಿಗೆ ಕೊಡದೆ ತನ್ನ ಜೇಬಿಗೆ ಇಟ್ಟುಕೊಂಡ. ನನ್ನ ಗಂಡ ಕುಣಿಯುತ್ತಿದ್ದವರು ಅದನ್ನು ನೋಡಿ ಬೆಂಚಿಗೆ ಬಂದು ಕೂತರು. ಆಗ ನನ್ನ ಕಡೆ ತಿರುಗಿ, "ನೀನು ಯಾವಾಗ ಬಂದೆ?" ಎಂದರು.

ಸಂಜೆ ಬಿಟ್ಟರು. ಕೇಸು ಬಿಡಲಿಲ್ಲ. ಪೊಲೀಸ್ ಕೇಸು ಇದೆಯೇ ಎಂದು ಮೇಸ್ತ್ರಿ ಕೆಲಸದ ಅರ್ಜಿಯಲ್ಲಿ ಕೇಳಿತ್ತು. ಇದೆ ಎಂದು ಬರೆದರು. ಕೆಲಸ ಇನ್ನೊಬ್ಬನಿಗೆ ಹೋಯಿತು. ಇವರು ಮತ್ತೆ ಹನ್ನೊಂದು ವರ್ಷ ಚೀಲ ಹೊತ್ತರು. ಆರು ಗಂಟೆ ನನ್ನ ಮನೆಗೆ ಬರಲೇ ಇಲ್ಲ.

ಹನ್ನೊಂದು ವರ್ಷ ನಾನು ಆಟಗಾರನಿಗೆ ಹಿಡಿಶಾಪ ಹಾಕಿದೆ. ಬೆದರಿಸಿ ಒಪ್ಪಿಸಿದ್ದಾನೆ, ಬಡವನ ಬೆನ್ನ ಹಿಂದೆ ಅಡಗಿದ್ದಾನೆ ಎಂದು. ಇವರನ್ನು ಕೇಳಿದರೆ, "ಬಿಡೇ, ಆಗಿದ್ದಾಯ್ತು" ಎಂದಷ್ಟೇ. ನಾಲ್ಕನೆಯ ಬಾವುಟದ ಖಾಲಿ ಮೊಳೆಗೆ ನನ್ನ ಛತ್ರಿ ತೂಗುಹಾಕಿದರೆ ಮಾತ್ರ ತೆಗೆದು ಕೆಳಗಿಡುತ್ತಿದ್ದರು.

ಹೋದ ತಿಂಗಳು ಹದಿಮೂರನೇ ಹೋಲಿನ ಹತ್ತಿರ ಚೀಲ ಇಳಿಸಿ ಕೂತರಂತೆ. ಚೀಲವನ್ನು ಬೀಳದ ಹಾಗೆ ನೆಟ್ಟಗೆ ನಿಲ್ಲಿಸಿ ಕೂತರಂತೆ. ಮತ್ತೆ ಏಳಲಿಲ್ಲ. ತಲೆ ಆಟಗಾರನ ತೊಡೆಯ ಮೇಲಿತ್ತು ಎಂದು ತಂದವರು ಹೇಳಿದರು. ಕೊನೆಯ ಉಸಿರೂ ಅವನಿಗೇ ಸಿಕ್ಕಿತು. ನನಗೆ ಬಂದದ್ದು ತಣ್ಣಗಾದ ಮೇಲೆ.

ಮಣ್ಣು ಮಾಡುವ ದಿನ ಆಟಗಾರ ಬಂದ. ತಲೆ ನರೆತಿತ್ತು. ನಮ್ಮ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದು, ಜೇಬಿನಿಂದ ಮಡಚಿದ ಬಾವುಟ ತೆಗೆದ.

"ಅತ್ತಿಗೆ, ಇದನ್ನ ಅಣ್ಣನ ಎದೆ ಮೇಲೆ ಹೊದಿಸ್ತೀನಿ."

"ನಾನ್ಯಾವ ಸೀಮೆ ಅತ್ತಿಗೆ ನಿಮಗೆ?" ಎಂದೆ. "ಅವರ ಮೇಲೆ ನನ್ನ ಚಾದರ ಇದೆ. ನಾನೇ ಇಸ್ತ್ರಿ ಮಾಡಿದ್ದು. ನಿಮ್ಮ ಬಟ್ಟೆ ಬೇಡ. ಹನ್ನೊಂದು ವರ್ಷ ಎಲ್ಲಿತ್ತು ಅದು?"

"ಮಾರನೇ ದಿನವೇ ಕೊಡೋಕೆ ಹೋದೆ. ತಗೊಳ್ಳಲಿಲ್ಲ. ಆವತ್ತು ನಾನು ಹೊತ್ತಿಲ್ಲ, ಅದು ನಂದಲ್ಲ ಅಂದ್ರು."

"ಕೇಸು ಮಾತ್ರ ಅವರದಾ?"

ಮನೆಯ ತುಂಬ ಜನ. ನನ್ನ ಅಣ್ಣ ನನ್ನ ತೋಳು ಹಿಡಿದ. ಕೊಡವಿದೆ.

"ಸ್ಟೇಷನ್ನಿಗೆ ಹೋಗಿ ನಾನೇ ತಳ್ಳಿದ್ದು ಅಂತ ಹೇಳ್ತೀನಿ ಅಂದೆ" ಎಂದ ಆಟಗಾರ. "ಒಂದು ಸಲ ಅಲ್ಲ, ಮೂರು ಸಲ. ಬೇಡ ಅಂದ್ರು. ಹೇಳಿದ್ರೆ ಇನ್ಮೇಲೆ ನಿಮ್ಮ ಚೀಲ ಮುಟ್ಟಲ್ಲ ಅಂದ್ರು. ನಂಗೆ ಹೆದರಿಕೆ ಆಯ್ತು. ಅವರಿಲ್ದೆ ನಂಗೆ ಆಡೋಕೆ ಬರಲ್ಲ."

ಮೂಲೆಯಲ್ಲಿದ್ದ ಟೈಲರಮ್ಮ ಮೂಗು ಒರೆಸಿಕೊಂಡಳು. ನನ್ನ ಮೈ ಉರಿಯಿತು. ಅವನು ಬೆದರಿಸಿದ್ದರೆ ನನಗೆ ಎಷ್ಟೋ ನೆಮ್ಮದಿ ಇತ್ತು. ಕೂಳಿಗೆ ಹೆದರಿ ಒಪ್ಪಿಕೊಂಡರು ಎಂದುಕೊಳ್ಳಬಹುದಿತ್ತು. ಯಾರೂ ಕೇಳದೆ, ತಾವಾಗಿ, ಸಂತೋಷದಿಂದ ಜೀಪು ಹತ್ತಿದ್ದಾರೆ. ನನ್ನ ಆರು ಗಂಟೆಯನ್ನು ಅವನ ಕೈಗೆ ಕೊಟ್ಟಿದ್ದಾರೆ. ನನಗೋಸ್ಕರ ಯಾವತ್ತಾದರೂ ಒಂದು ಸುಳ್ಳು ಹೇಳಿದ್ದರೇ ಎಂದು ಅಲ್ಲೇ ನಿಂತು ಯೋಚಿಸಿದೆ. ಒಂದೂ ನೆನಪಾಗಲಿಲ್ಲ.

"ಬಾವುಟ ಜೇಬಲ್ಲಿ ಇಡಿ" ಎಂದೆ. "ಅವರು ಬೇಡ ಅಂದದ್ದನ್ನ ನಾನು ತಗೊಳ್ಳಲ್ಲ. ನಿಮ್ಮ ಚೀಲ ಇಪ್ಪತ್ತೆರಡು ವರ್ಷ ಹೊತ್ರು. ಬನ್ನಿ, ಹೆಗಲು ಕೊಡಿ."

ಕೊಟ್ಟ. ಮುಂದಿನ ಬಲಗಡೆ. ಉಳಿದ ಮೂವರು ಗಿಡ್ಡ, ಅವನು ಆರಡಿ. ಆ ಕಡೆ ಮೇಲಕ್ಕೆ ಎದ್ದು ನನ್ನ ಗಂಡ ಎಡಕ್ಕೆ ವಾಲಿದರು.

"ಮೊಣಕಾಲು ಬಗ್ಗಿಸ್ರಿ ಮಾರಾಯ್ರೆ, ಬಿದ್ದಾರು" ಎಂದ ಅಣ್ಣ. ಆಟಗಾರ ದಾರಿಯುದ್ದಕ್ಕೂ ಮೊಣಕಾಲು ಬಗ್ಗಿಸಿಕೊಂಡೇ ನಡೆದ. ಯಾರೋ ಬದಲಾಯಿಸಲು ಬಂದರು. ಬಿಡಲಿಲ್ಲ.

ಬೀದಿಯಲ್ಲಿ ಅವರಿಬ್ಬರೂ ಮುಂದೆ, ನಾನು ಹಿಂದೆ. ಹೊರು ಎಂದವಳು ನಾನೇ. ಆದರೂ ಹೊಟ್ಟೆಯಲ್ಲಿ ಹಳೆಯ ಬೆಂಕಿಯೇ. ಇವತ್ತೂ ನಾನು ಓಡಬೇಕು.

ಓಡಿ ಹತ್ತಿರ ಹೋದಾಗ ಆಟಗಾರನ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ. ಇವರಿಂದ ಅಂಟಿದ ಚಟ. ಬಸ್ ಸ್ಟಾಪಿನ ಕಂಬ ಬಂತು.

"ಮುನ್ನೂರ ತೊಂಬತ್ತೆಂಟು" ಎಂದ, ತನಗೆ ತಾನೇ.

"ತಪ್ಪು" ಎಂದೆ. ಎಲ್ಲರಿಗೂ ಕೇಳಿಸುವ ಹಾಗೆ. "ನಾನೂರ ಹನ್ನೆರಡು."

ಅವನು ತಿರುಗಿ ನೋಡಿದ. ಅದು ಅವನಿಗೆ ಗೊತ್ತಿರಲಿಲ್ಲ.