ಬರಿಗಾಲಿನ ಹರಕೆ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನದು ಊರೂರು ತಿರುಗಿ ಮಹಿಳಾ ಸಂಘಗಳಿಗೆ ಹೊಲಿಗೆ ಕಲಿಸುವ ಕೆಲಸ. ಅರಸೀಕೆರೆಯಲ್ಲೊಂದು ಬಾಡಿಗೆ ರೂಮಿತ್ತು, ಬಟ್ಟೆ ಒಣಗಿಸುವುದಕ್ಕೆ. ಉಳಿದಂತೆ ಜಾವಗಲ್, ಹಳೇಬೀಡು, ಬೇಲೂರು ಎಂದು ಬಸ್ಸಿನಲ್ಲೇ ಸಂಸಾರ. ಹೋದ ಮನೆಯಲ್ಲೆಲ್ಲ ಊಟ. ಬೇಡ ಎಂದರೆ ಅವರಿಗೆ ಅವಮಾನ. ಸಾಕು ಎಂದರೆ, ನಾಚಿಕೆಗೆ ಹೇಳುತ್ತಿದ್ದಾಳೆಂದು ಇನ್ನೊಂದು ಮುದ್ದೆ. ತಿಂದು ತಿಂದು, ನನ್ನ ರವಿಕೆಗಳ ಹೊಲಿಗೆಯನ್ನು ನಾನೇ ಬಿಚ್ಚಿ ಬಿಚ್ಚಿ ಸಡಿಲ ಮಾಡಿಕೊಳ್ಳುವಂತಾಯಿತು.

ಡಾಕ್ಟರು ಬಿ.ಪಿ. ನೋಡಿ ಹುಬ್ಬೇರಿಸಿದರು. “ಮುಂದಿನ ಸಲದೊಳಗೆ ಇದು ಇಳೀದೇ ಇದ್ರೆ ತಿರುಗಾಟ ಬಂದ್. ಆಫೀಸಲ್ಲಿ ಕೂರಿಸಿ ಅಂತ ಬರೆದುಕೊಡ್ತೀನಿ.” ಆಫೀಸೆಂದರೆ ಒಂದು ಫ್ಯಾನು, ಒಂದು ಗೋಡೆ, ದಿನವಿಡೀ ನಮ್ಮ ಮೇಲಧಿಕಾರಿಯ ಮುಖ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಸರಿ, ನಡೆಯೋಣವೆಂದು ಹಳೇಬೀಡಿನಲ್ಲೇ ಬಸ್ಸಿಳಿದು ನಮ್ಮ ಸಂಘವಿದ್ದ ಹುಲಿಕೆರೆಯತ್ತ ಹೊರಟೆ. ಆದರೆ ಸಂಬಳದ ಹೆಂಗಸನ್ನು ನಡೆಯಲು ಬಿಟ್ಟರೆ ತಾನೆ! ಮೊದಲು ಮೊಪೆಡ್ಡು ನಿಂತಿತು, ಆಮೇಲೆ ಟ್ರ್ಯಾಕ್ಟರು. “ಆರೋಗ್ಯಕ್ಕೆ ನಡೀತಿದೀನಿ ಕಣಪ್ಪಾ” ಎಂದೆ. “ಉಸಾರಿಲ್ವಾ ಮೇಡಂ? ಅಂಗಾದ್ರೆ ಹತ್ತಿ ಮೊದ್ಲು” ಎಂದ ಟ್ರ್ಯಾಕ್ಟರಿನವನು.

ಒಂದು ದಿನ ದಾರಿಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಎರಡನ್ನೂ ಚೀಲಕ್ಕೆ ತುರುಕಿ ಬರಿಗಾಲಲ್ಲಿ ಊರು ಸೇರಿದೆ. ಸಂಘದ ಸದಸ್ಯೆಯರಲ್ಲಿ ಹಿರಿಯರಾದ ಅಜ್ಜಿಯೊಬ್ಬರು ನನ್ನ ಕಾಲು ನೋಡಿ ದನಿ ತಗ್ಗಿಸಿದರು. “ಅರಕೆ ಹೊತ್ಕಂಡಿದ್ದೀಯೇನವ್ವಾ?” ನಾನು ಸುಮ್ಮನೆ ನಕ್ಕೆ. ಅಷ್ಟೇ ಸಾಕಾಯಿತು. “ಅರಕೆ ಹೊತ್ತೋಳು, ಗಾಡಿ ಹತ್ತು ಅನ್ಬ್ಯಾಡ್ರಿ. ಒಪ್ಪತ್ತಿರ್ತಾಳೆ, ಉಣ್ಣು ಅಂತ ಬಲವಂತ ಮಾಡ್ಬ್ಯಾಡ್ರಿ” ಎಂದು ಊರಿಗೆಲ್ಲ ಸಾರಿಬಿಟ್ಟರು.

ಆಮೇಲಿನ ಸುಖ ಏನು ಹೇಳಲಿ! ಟ್ರ್ಯಾಕ್ಟರಿನವನು ಕೈ ಮುಗಿದು ಮುಂದೆ ಹೋಗುತ್ತಿದ್ದ. ಮನೆಗಳಲ್ಲಿ ಒಂದು ಲೋಟ ಮಜ್ಜಿಗೆ ಕೊಟ್ಟು ಬಿಡುತ್ತಿದ್ದರು. ಹರಕೆ ಏತಕ್ಕೆಂದು ಕೇಳಬಾರದಂತೆ, ಯಾರೂ ಕೇಳಲಿಲ್ಲ. ಹೊಸ ಚಪ್ಪಲಿ ಕೊಂಡೆ. ಬಸ್ಸಿಳಿದ ಕೂಡಲೇ ಅದು ಚೀಲ ಸೇರುತ್ತಿತ್ತು.

ತಪಾಸಣೆಯ ದಿನ ಡಾಕ್ಟರು ಮತ್ತೆ ಮತ್ತೆ ಅಳೆದು “ಏನ್ ಮಾಡಿದ್ರಿ?” ಎಂದರು. “ಹರಕೆ” ಎಂದೆ. ತಿರುಗಾಟ ಉಳಿಯಿತು.

ಆ ಖುಷಿಯಲ್ಲಿ ಚಪ್ಪಲಿ ಕಳಚುವುದನ್ನೇ ಮರೆತು ಹುಲಿಕೆರೆಗೆ ಹೋದೆ. ಅಜ್ಜಿಯ ಕಣ್ಣು ನೆಟ್ಟಗೆ ನನ್ನ ಕಾಲಿಗೇ ಹೋಯಿತು.

“ಆಯ್ತೇನವ್ವಾ ನಿನ್ ಅರಕೆ?”

“ಹೂಂ ಅಜ್ಜಿ, ಆಯ್ತು.”

ಅವರು ಒಳಗಿದ್ದ ಸೊಸೆಯನ್ನು ಕೂಗಿದರು. “ಬೇಳೆ ಬೇಯಾಕಿಡೇ, ಒಬ್ಬಟ್ಟು ಮಾಡನ!”

ಅದೆಲ್ಲ ಬೇಡವೆಂದು ರಾಗ ತೆಗೆದೆ.

“ಸುಮ್ಕಿರು. ನೀನೇನ್ ಬೇಡ್ಕಂಡಿದ್ಯೋ ನಂಗೊತ್ತಿಲ್ಲ. ಒಬ್ಳೇ ತಿರುಗೋ ಮಗ, ಅದಾಗ್ಲಿ ಅಂತ ನಾನೂ ಸ್ವಾಮ್ವಾರ ಸ್ವಾಮ್ವಾರ ಒಪ್ಪತ್ತಿದ್ದೆ ಕಣವ್ವಾ. ಇವತ್ತು ಇಬ್ರೂ ಉಣ್ಣನ.”

ನನ್ನ ಕೊಬ್ಬು ಕರಗಲೆಂದು, ಎಲುಬು ಬಿಟ್ಟರೆ ಮೈಯಲ್ಲಿ ಏನೂ ಇಲ್ಲದ ಆ ಮುದುಕಿ ಉಪವಾಸ ಮಾಡಿದ್ದರು! ನಗು ಬಂತು, ಅದಕ್ಕಿಂತ ಮೊದಲು ಅಳು ಬಂತು.

ಒಬ್ಬಟ್ಟಿನ ತಟ್ಟೆಯನ್ನು ಸೊಸೆಯ ಕೈಯಿಂದ ನಾನೇ ಕಿತ್ತುಕೊಂಡೆ. ಅಜ್ಜಿ ಸಾಕು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೂ ಬಿಡದೆ, ನಾಚಿಕೆಗೆ ಹೇಳುತ್ತಿದ್ದಾರೆಂದು ಇನ್ನೊಂದು ಹಾಕಿ ತುಪ್ಪ ಸುರಿದೆ.