ಹೋಲ್ಡರನ್ನು ಸುಟ್ಟು ನೋಡಿದ್ದು

ಕೊಳ್ಳೇಗಾಲದ ನಮ್ಮ ಮನೆಗೆ ರೇಷ್ಮೆ ನೂಲು ಬಂದರೆ ಮೊದಲು ನನ್ನ ಮೂಗಿನ ಮುಂದೆ ಬರಬೇಕಿತ್ತು. ಒಂದೆಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದೆ. ಕೂದಲು ಸುಟ್ಟ ವಾಸನೆ ಬಂದು, ದೀಪದಿಂದ ತೆಗೆದೊಡನೆ ತಾನೇ ಆರಿದರೆ ಅಪ್ಪಟ ರೇಷ್ಮೆ. ಭಗ್ಗೆಂದು ಉರಿದರೆ ದಗಾ ಮಾಲು. ಹೆತ್ತ ಮಕ್ಕಳ ಮಾತನ್ನು ನಂಬದ ಮಾವ ನನ್ನ ಮೂಗನ್ನು ನಂಬುತ್ತಿದ್ದರು. ಹಿರಿಸೊಸೆಯೆಂದು ನನಗಿದ್ದ ಮರ್ಯಾದೆ ಅದೊಂದೇ.

ಆಮೇಲೆ ಯಳಂದೂರಿನಿಂದ ಓರಗಿತ್ತಿ ಬಂದಳು. ನಮ್ಮದು ಆಗ ಕೊಯಮತ್ತೂರು ಜಿಲ್ಲೆ, ಅವಳದು ಮೈಸೂರು ಸೀಮೆ. ಕೂತರೆ ನಿಂತರೆ ತವರಿನ ಕರೆಂಟಿನ ಮಾತು. ನಿಜ ಹೇಳುತ್ತೇನೆ, ಅವಳ ಜಡೆ ಕಂಡರೂ ನನಗೆ ಹೊಟ್ಟೆಕಿಚ್ಚು. ಅವಳು ಮಾಡಿದ ಉಪ್ಸಾರನ್ನು ಮಾವ ಎರಡನೇ ಸಲ ಬಡಿಸಿಕೊಂಡರೆ ಅಂದು ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮ ಬೀದಿಗೂ ಕರೆಂಟು ಬಂತು. ಮಗ್ಗದ ಮೇಲೊಂದು ಬಲ್ಬು ಹಾಕಿಸಲು ಮಾವನನ್ನು ಒಪ್ಪಿಸಿದವಳೂ ಅವಳೇ. ವೈರಿಂಗಿನವನು ಬಲ್ಬು ಸಿಕ್ಕಿಸುವ ಕರಿ ಹೋಲ್ಡರ್ ತಂದಾಗ ಮಾತ್ರ ಮಾವನಿಗೆ ದಿಗಿಲಾಯಿತು. ಬಲ್ಬಿನ ಕಾವಿಗೆ ಇದು ಹತ್ತಿಕೊಂಡರೆ ಕೆಳಗಿನ ರೇಷ್ಮೆಯ ಗತಿ? ಅಂಥದ್ದೇ ಒಡೆದ ಹೋಲ್ಡರಿನ ಚೂರೊಂದನ್ನು ಅವನಿಂದ ಇಸಿದುಕೊಂಡು, ನೂಲು ನೋಡುವ ಹಾಗೆ ಇದನ್ನೂ ನೋಡೆಂದು ನನಗೆ ಕೊಟ್ಟರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಚೂರನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೊಡ್ಡಿದೆ. ಉರಿ, ಉರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಳಾದ್ದು ಭಗ್ಗೆನ್ನಲಿಲ್ಲ. ಅಂಚು ಬಿರಿದು ಕಮಟು ವಾಸನೆ ಬಂತು, ದೀಪದಿಂದ ತೆಗೆದೊಡನೆ ಆರಿತು.

"ಕೂದ್ಲು ಸುಟ್ಟ ವಾಸ್ನೆನೇ ಇಲ್ಲ ಮಾವ. ದಗಾ ಮಾಲು ಇದು," ಎಂದುಬಿಟ್ಟೆ.

ನೂಲು ಬಿಟ್ಟರೆ ಬೇರೇನೂ ಅರಿಯದ ಮಾವ ತಲೆಯಾಡಿಸಿದರು. ಹೋಲ್ಡರನ್ನು ವಾಪಸು ಒಯ್ಯಲು ಹೇಳಿದರು. ವೈರಿಂಗಿನವನು ಅದನ್ನು ಚೀಲಕ್ಕೆ ಹಾಕಿಕೊಂಡ.

"ಅದೇನ್ ಸೀರೆನಾ ಅಕ್ಕ, ಕೂದ್ಲು ವಾಸ್ನೆ ಬರಾಕೆ?" ಎಂದಳು ಓರಗಿತ್ತಿ. "ಬೆಂಕಿಯಿಂದ ತಗುದ್ರೆ ಆರೋಯ್ತದಲ್ಲ, ನಮ್ಗೆ ಬೇಕಾಗಿರದು ಅದೇ ತಾನೆ?"

ಮಾವ ಚೂರನ್ನು ತಾವೇ ದೀಪಕ್ಕೆ ಹಿಡಿದರು. ಮತ್ತೆ ಆರಿತು. ನಕ್ಕುಬಿಟ್ಟರು. ಅವರು ಹಾಗೆ ನಕ್ಕದ್ದನ್ನು ನಾನು ಆ ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಅದೂ ಅವಳ ಪಾಲಿಗೇ ಹೋಯಿತು.

ಬಲ್ಬು ಹತ್ತಿತು. ಮುಂದಿನ ನೂಲು ಬಂದಾಗ ಮಾವ ಎಳೆ ಕಿತ್ತು ಅವಳ ಕೈಗೆ ಕೊಟ್ಟರು. ಅವಳು ಸುಟ್ಟಳು, ಮೂಸಿದಳು. "ರೇಷ್ಮೆನೇ ಅನ್ಸುತ್ತೆ. ನೀವೂ ಒಂದ್ಸಲ ನೋಡಿ ಅಕ್ಕ," ಎಂದು ನನ್ನ ಮುಂದೆ ಹಿಡಿದಳು.

ಅಪ್ಪಟ ರೇಷ್ಮೆ. ವಾಸನೆ ಹಜಾರದ ತುಂಬ ಇತ್ತು.

"ನೆಗಡಿ ಕಣವ್ವ, ಏನೂ ಗೊತ್ತಾಯ್ತಿಲ್ಲ," ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡೆ.