ಮೋಟು ಮೂಗಿನ ವಿಮಾನಕ್ಕೊಂದು ಎಂಜಿನ್

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ನಮ್ಮ ಗೆಳತಿ ಸೋಮವಾರ ನಸುಕಿನಲ್ಲಿ ನಿದ್ದೆಯಲ್ಲೇ ತೀರಿಕೊಂಡಳು.

ಹಿಂದಿನ ಸಂಜೆಯಿಡೀ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲವಂತೆ. ವರ್ಷಗಟ್ಟಲೆ ಕೂತು ಕಟ್ಟಿದ, ಮಂಚಕ್ಕಿಂತ ಉದ್ದನೆಯ ರೆಕ್ಕೆಯ ರಿಮೋಟ್ ವಿಮಾನಕ್ಕೆ ಎಂಜಿನ್ ಆರಿಸುವುದೊಂದೇ ಬಾಕಿ. ಅಂಗಡಿಯವನು ಹಳೆಯದೊಂದು, ಹೊಸದೊಂದು ಕೊಟ್ಟು, ಬೇಡವಾದದ್ದನ್ನು ಬೆಳಿಗ್ಗೆ ಮರಳಿಸಿ ಎಂದಿದ್ದ.

ಅವಳ ಮೈದುನನ ಕಣ್ಣು ಹಗುರವಾದ ಹೊಸದರ ಮೇಲಿತ್ತು. "ಅತ್ತಿಗೆ, ಆ ಹಳೇದು ಗುಂಡುಕಲ್ಲು! ಅದನ್ನ ಹೊತ್ಕೊಂಡು ಹಾರೋದುಂಟಾ?"

"ಇದರ ಮೂಗು ಮೋಟು ಕಣೋ. ನಿನ್ನ ಹಗುರದ್ದು ಹಾಕಿದ್ರೆ ಬಾಲ ಜೋತು ಬೀಳುತ್ತೆ. ಆಮೇಲೆ ತೂಕ ಸರಿದೂಗಿಸೋಕೆ ಮೂಗಿಗೆ ಸೀಸ ತುಂಬಬೇಕು. ಸುಮ್ನೆ ಕೂರೋ ಸೀಸಕ್ಕಿಂತ ದುಡಿಯೋ ಭಾರ ವಾಸಿ ಅಲ್ವಾ?"

"ಬಾಯಲ್ಲೇ ಹಾರಿಸ್ತೀರಲ್ಲ, ತೋರಿಸಿ ನೋಡೋಣ."

ಅವಳು ಹಳೆಯ ಎಂಜಿನ್ನನ್ನೇ ಬಿಗಿದಳು. ಒಂದು ರೆಕ್ಕೆಯಡಿ ತನ್ನ ಬೆರಳು, ಇನ್ನೊಂದರಡಿ ಮೈದುನನ ಬೆರಳು ಇರಿಸಿ, ಇಬ್ಬರೂ ಉಸಿರು ಬಿಗಿಹಿಡಿದು ಎತ್ತಿದರು. ಬಾಲ ತಗ್ಗಲಿಲ್ಲ, ಮೂಗು ಬಾಗಲಿಲ್ಲ. ವಿಮಾನ ತಕ್ಕಡಿಯ ದಂಡಿಯಂತೆ ಸಮನಾಗಿ ನಿಂತಿತು.

"ನೋಡಿದ್ಯೇನೋ!" ಎಂದು ಮನೆಯ ಸೂರು ಹಾರಿಹೋಗುವಂತೆ ಕೂಗಿದಳು. ಹಗುರದ ಎಂಜಿನ್ನನ್ನು ಡಬ್ಬಕ್ಕೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ 'ವಾಪಸ್' ಎಂದು ಬರೆದು, ಮಲಗಲು ಹೋದಳು.